ಐಸ್ ಕ್ರೀಮಿನ ರಚನೆಯೂ ಆಕರ್ಷಣೆಯೂ

ವಿಭಾಗದ ವಾರ್ಷಿಕ ಸಂಶೋಧನ ಸಂಚಿಕೆಯಲ್ಲಿ ಐಸ್ ಕ್ರೀಮನ್ನು ಕುರಿತ ಲೇಖನವನ್ನು ಕಂಡು ಕೆಲವು ವಾಚಕರು ಹುಬ್ಬೇರಿಸಬಹುದು. ಜಾತ್ರೆಯ ಗಾಡಿಯಲ್ಲಿಯೂ ಮದುವೆಯೂಟದ ಕೊನೆಯಲ್ಲಿಯೂ ದೊರೆಯುವ ತಿನಿಸಿಗೂ ಶಾಸ್ತ್ರವಿಚಾರಕ್ಕೂ ಎಲ್ಲಿಯ ನಂಟು ಎಂಬ ಶಂಕೆ ಅಸಹಜವಲ್ಲ. ಆದರೆ ಮಕ್ಕಳು ಮುದುಕರೆನ್ನದೆ ಎಲ್ಲರೂ ಬಯಸುವ, ಮುನ್ನೂರು ವರ್ಷಗಳಿಗೂ ಮಿಕ್ಕು ಜನರ ಮೆಚ್ಚುಗೆಯನ್ನು ಉಳಿಸಿಕೊಂಡು ಬಂದಿರುವ ಪದಾರ್ಥವೊಂದಿದ್ದರೆ, ಆ ಮೆಚ್ಚುಗೆಗೆ ಕಾರಣವೇನೆಂದು ಕೇಳುವುದು ಶಾಸ್ತ್ರಕ್ಕೆ ಹೊರತಾದ ಪ್ರಶ್ನೆಯಲ್ಲ. ಸಿಹಿಯಾಗಿದೆ, ತಣ್ಣಗಿದೆ ಎಂದರೆ ಉತ್ತರ ಮುಗಿಯಲಿಲ್ಲ. ಸಕ್ಕರೆ ಬೆರೆಸಿದ ಹಾಲನ್ನು ಹಾಗೆಯೇ ಗಡ್ಡೆಗಟ್ಟಿಸಿದರೆ ಅದೂ ಸಿಹಿಯಾಗಿ ತಣ್ಣಗಿರುತ್ತದೆ. ಅದನ್ನು ಕಡಿಯಹೋದವರಿಗೆ ದೊರೆಯುವ ಫಲ ಹಲ್ಲುನೋವು. ಐಸ್ ಕ್ರೀಮು ಹಿತವಾಗಿರುವುದು ಅದರಲ್ಲಿ ಹೆಪ್ಪುಗಟ್ಟದೆ ಉಳಿದ ಭಾಗದಿಂದ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ. ಇದೇ ತಿನಿಸನ್ನು ಮಾಡುತ್ತಿದ್ದ ಶಾಲಾಬಾಲಕನೊಬ್ಬನ ಪ್ರಶ್ನೆಯನ್ನು ಉಪಾಧ್ಯಾಯರು ನಕ್ಕು ತಳ್ಳಿಹಾಕಿದ ಪ್ರಸಂಗವೊಂದುಂಟು. ಪಾಠ ಹೇಳುವ ಕಸಬಿನ ನಾವು ಅದನ್ನು ತಿಳಿದಿರಬೇಕಾದ್ದರಿಂದ ಅದನ್ನೂ ಅದರ ಸ್ಥಳದಲ್ಲಿ ಹೇಳುತ್ತೇವೆ.

ಮೊದಲು ಪದಾರ್ಥದ ವಿಚಾರ. ಐಸ್ ಕ್ರೀಮಿಗಾಗಿ ಸಿದ್ಧಪಡಿಸುವ ಮಿಶ್ರಣದಲ್ಲಿ ತೂಕದ ಲೆಕ್ಕದಿಂದ ನೂರಕ್ಕೆ ಸುಮಾರು 60 ಭಾಗ ನೀರು. ಹಾಲಿನ ಕೊಬ್ಬು 10ರಿಂದ 16, ಹಾಲಿನ ಪ್ರೋಟೀನು, ಲ್ಯಾಕ್ಟೋಸು, ಲವಣಗಳೆಲ್ಲ ಸೇರಿ 10ರ ಆಸುಪಾಸು, ಸಕ್ಕರೆ ಸುಮಾರು 15. ಇವಲ್ಲದೆ ಗೋರಿಕಾಯಿಯ ಬೀಜದಿಂದ ತೆಗೆದ ಅಂಟಿನಂಥ ಒಂದೆರಡು ವಸ್ತುಗಳನ್ನು ನೂರಕ್ಕೆ ಅರ್ಧ ಭಾಗಕ್ಕೂ ಕಡಿಮೆ ಸೇರಿಸುತ್ತಾರೆ. ಈ ಮಿಶ್ರಣವನ್ನು ತಣಿಸುತ್ತ ಕಡೆದಾಗ ಅದರೊಳಕ್ಕೆ ಗಾಳಿ ಸೇರುತ್ತದೆ. ಸಿದ್ಧವಾದ ಐಸ್ ಕ್ರೀಮನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನಾಲ್ಕು ಬಗೆಯ ವಸ್ತುಗಳು ಕಾಣುತ್ತವೆ: ಮಂಜಿನ ಹರಳುಗಳು, ಗಾಳಿಯ ಗುಳ್ಳೆಗಳು, ಕೊಬ್ಬಿನ ಕಣಗಳು, ಇವನ್ನೆಲ್ಲ ಅಂಟಿಸಿ ಹಿಡಿದಿರುವ ಗಟ್ಟಿಯಾದ ಸಕ್ಕರೆಪಾಕ. ಒಳ್ಳೆಯ ಐಸ್ ಕ್ರೀಮಿನಲ್ಲಿ ಹರಳುಗಳ ಸರಾಸರಿ ಅಳತೆ 30ರಿಂದ 50 ಮೈಕ್ರೋಮೀಟರು, ಎಂದರೆ ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಕೊಬ್ಬಿನ ಕಣಗಳಾದರೋ ಒಂದು ಮೈಕ್ರೋಮೀಟರಿನಷ್ಟು. ಘನ, ದ್ರವ, ಅನಿಲ ಎಂಬ ಮೂರು ಅವಸ್ಥೆಗಳೂ ಒಂದೇ ಚಮಚದಲ್ಲಿ ಕೂಡಿರುವ ಇಂಥ ತಿನಿಸು ನಮ್ಮ ಅಡಿಗೆಯ ಪದಾರ್ಥಗಳಲ್ಲಿ ಹೆಚ್ಚಿಲ್ಲ.

ಇನ್ನು ಆ ಪಾಕ ಹೆಪ್ಪುಗಟ್ಟದೆ ಉಳಿಯುವುದು ಹೇಗೆಂಬುದನ್ನು ನೋಡೋಣ. ಶುದ್ಧವಾದ ನೀರು ಸೊನ್ನೆ ಡಿಗ್ರಿ ಸೆಂಟಿಗ್ರೇಡಿನಲ್ಲಿ ಮಂಜುಗಡ್ಡೆಯಾಗುತ್ತದೆ. ಅದರಲ್ಲಿ ಸಕ್ಕರೆಯೋ ಲವಣವೋ ಕರಗಿದ್ದರೆ ಘನೀಭವನದ ಬಿಂದು ಕೆಳಗಿಳಿಯುತ್ತದೆಂಬುದು ಇಂಟರ್‌ಮೀಡಿಯೆಟ್ ತರಗತಿಯ ಪಾಠ. ಐಸ್ ಕ್ರೀಮಿನ ಮಿಶ್ರಣ ಸೊನ್ನೆಗಿಂತ ಎರಡೂವರೆ ಮೂರು ಡಿಗ್ರಿ ಕೆಳಗೆ ಹೋಗುವವರೆಗೆ ಅದರಲ್ಲಿ ಹರಳು ಹುಟ್ಟುವುದಿಲ್ಲ. ಹುಟ್ಟಿದ ಹರಳು ಶುದ್ಧ ನೀರಿನದು; ಸಕ್ಕರೆಗೆ ಅದರಲ್ಲಿ ಸ್ಥಳವಿಲ್ಲ. ಆದ್ದರಿಂದ ನೀರು ಹರಳಾಗಿ ಬೇರೆಯಾದಷ್ಟೂ ಉಳಿದ ಪಾಕದಲ್ಲಿ ಸಕ್ಕರೆಯ ಪ್ರಮಾಣ ಏರುತ್ತದೆ, ಏರಿದಷ್ಟೂ ಅದರ ಘನೀಭವನದ ಬಿಂದು ಇನ್ನೂ ಕೆಳಗೆ ಸರಿಯುತ್ತದೆ. ಹೆಪ್ಪುಗಟ್ಟುವ ಕ್ರಿಯೆ ತನ್ನ ದಾರಿಗೆ ತಾನೇ ಅಡ್ಡಗಟ್ಟೆ ಹಾಕುತ್ತ ಹೋಗುತ್ತದೆಯೆನ್ನಬಹುದು. ಸೊನ್ನೆಗಿಂತ 5 ಡಿಗ್ರಿ ಕೆಳಗೆ ಮಿಶ್ರಣದ ನೀರಿನಲ್ಲಿ ಹೆಚ್ಚುಕಡಿಮೆ ಅರ್ಧ ಹರಳಾಗಿರುತ್ತದೆ. ಅಂಗಡಿಯ ಶೈತ್ಯಪೆಟ್ಟಿಗೆಯ 18 ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಮುಕ್ಕಾಲು ಪಾಲಿನಷ್ಟು ಮಾತ್ರ. ಉಳಿದ ನೀರು ಗಟ್ಟಿಪಾಕವಾಗಿ ಹರಳುಗಳ ನಡುವೆ ನಿಂತಿರುತ್ತದೆ. ಚಮಚ ಅದರೊಳಕ್ಕೆ ಇಳಿಯುವುದು, ನಾಲಗೆಯ ಮೇಲೆ ಅದು ಹರಡುವುದು ಈ ಪಾಕದ ದೆಸೆಯಿಂದ. ಸಕ್ಕರೆಯನ್ನು ಬಹಳ ಕಡಿಮೆ ಮಾಡಿದ ಐಸ್ ಕ್ರೀಮು ಕಲ್ಲಾಗುವುದೂ, ಅತಿಯಾಗಿ ಹಾಕಿದ್ದು ಎಷ್ಟು ಹೊತ್ತಾದರೂ ಬಿಗಿಯದೆ ನೀರುನೀರಾಗಿರುವುದೂ ಇದರಿಂದಲೇ. ಸಕ್ಕರೆಯನ್ನು ರುಚಿಗಾಗಿ ಮಾತ್ರ ಹಾಕುತ್ತಾರೆಂದು ತಿಳಿದಿದ್ದವರು ಈ ಎರಡನೆಯ ಕೆಲಸವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹರಳುಗಳ ಗಾತ್ರದ ಪ್ರಶ್ನೆ ಇನ್ನೂ ಸೂಕ್ಷ್ಮವಾದದ್ದು. ಹರಳು ಸುಮಾರು 50 ಮೈಕ್ರೋಮೀಟರನ್ನು ಮೀರಿ ಬೆಳೆದರೆ ನಾಲಗೆಗೆ ತರಿತರಿಯಾಗಿ ತಿಳಿಯುತ್ತದೆ. ಅದಕ್ಕಿಂತ ಸಣ್ಣದಾಗಿದ್ದರೆ ನುಣುಪೆಂದು ತೋರುತ್ತದೆ. ನಮ್ಮ ನಾಲಗೆ ಇಷ್ಟು ನಯವಾದ ಅಳತೆಯ ಉಪಕರಣವೆಂಬುದು ಅನೇಕರಿಗೆ ಹೊಸ ಸಂಗತಿಯಾಗಬಹುದು. ಹರಳು ಸಣ್ಣದಾಗಿರಬೇಕಾದರೆ ಏಕಕಾಲದಲ್ಲಿ ಅಸಂಖ್ಯ ಹರಳುಗಳು ಹುಟ್ಟಬೇಕು, ಹುಟ್ಟಿದ್ದು ಬೆಳೆಯಲು ಬಿಡುವು ದೊರೆಯಬಾರದು. ಆದ್ದರಿಂದ ಬಹು ಬೇಗ ತಣಿಸಬೇಕು, ತಣಿಸುತ್ತ ಕಡೆಯಬೇಕು. ಕಡೆಯುವ ಯಂತ್ರದ ಅಲಗು ಪಾತ್ರೆಯ ತಣ್ಣನೆಯ ಒಳಮೈಯಲ್ಲಿ ಕಟ್ಟಿದ ಮಂಜನ್ನು ಕೆರೆದು ಕೆರೆದು ನಡುವಿಗೆ ತಳ್ಳುತ್ತಿರುತ್ತದೆ. ಇಂಗ್ಲೆಂಡಿನ ಪಾಕಶಾಸ್ತ್ರಜ್ಞೆ ಆಗ್ನೆಸ್ ಮಾರ್ಷಲ್ 1901ರಲ್ಲಿ ದ್ರವೀಕರಿಸಿದ ಅನಿಲವನ್ನು ಸುರಿದು ಊಟದ ಮೇಜಿನ ಮೇಲೆಯೇ ಐಸ್ ಕ್ರೀಮು ಮಾಡಬಹುದೆಂದು ಸೂಚಿಸಿದ್ದಳು. ಗಾಳಿಯನ್ನು ಹೆಚ್ಚು ಮೊತ್ತದಲ್ಲಿ ದ್ರವೀಕರಿಸುವ ಕಲೆ ಆಗ ಇನ್ನೂ ಹೊಸದು. ಇಂದು ದ್ರವ ಸಾರಜನಕವನ್ನು ಹೊಗೆಯಾಡಿಸಿ ಐಸ್ ಕ್ರೀಮು ಮಾರುವ ನಗರದ ಅಂಗಡಿಗಳು ತಮ್ಮ ತಂತ್ರವನ್ನು ತೀರ ಹೊಸದೆಂದು ಭಾವಿಸಿದ್ದರೆ ಅದು ಸರಿಯಲ್ಲ.

ಹರಳು ಸಣ್ಣದಾಗಿ ಹುಟ್ಟಿತೆಂದ ಮಾತ್ರಕ್ಕೆ ಹಾಗೆಯೇ ಉಳಿಯುವುದಿಲ್ಲ. ಉಷ್ಣತೆ ಸ್ವಲ್ಪ ಏರಿದರೆ ಅತಿ ಸಣ್ಣ ಹರಳುಗಳು ಮೊದಲು ಕರಗುತ್ತವೆ. ಮತ್ತೆ ಇಳಿದಾಗ ಆ ನೀರು ಹೊಸ ಹರಳಾಗುವ ಬದಲು ಉಳಿದಿರುವ ಹರಳುಗಳ ಮೇಲೆ ಕೂತು ಅವನ್ನು ಹಿಗ್ಗಿಸುತ್ತದೆ. ವಿದ್ಯುತ್ತು ಹೋಗಿ ಬಂದು ಮಾಡುವ ಊರುಗಳಲ್ಲಿ ಬೇಸಗೆಯ ಐಸ್ ಕ್ರೀಮು ಮರಳು ಮರಳಾಗಿರುವುದಕ್ಕೆ ಇದು ಮುಖ್ಯ ಕಾರಣ. ಅಂಗಡಿಯವನು ಕಲಬೆರಕೆ ಮಾಡಿದನೆಂದು ಗಿರಾಕಿ ಗೊಣಗುತ್ತಾನೆ. ತಪ್ಪು ಎಷ್ಟೋ ಸಲ ವಿದ್ಯುತ್ತಿನದು. ಆಗಲೇ ಹೇಳಿದ ಅಂಟುಗಳು ಪಾಕವನ್ನು ಮಂದವಾಗಿಸಿ ಹರಳುಗಳ ಈ ಬೆಳವಣಿಗೆಯನ್ನು ನಿಧಾನಗೊಳಿಸುತ್ತವೆ. ಹಣ್ಣುಗಳಿಂದ ಮಾಡುವವರಿಗೆ ಮತ್ತೊಂದು ತೊಡಕುಂಟು. ಹೆಚ್ಚಿನ ಹಣ್ಣುಗಳಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ನೀರಿರುವುದರಿಂದ, ಹಣ್ಣು ಸೇರಿಸಿದಷ್ಟೂ ಮಂಜಿನ ಹರಳಿಗೆ ಒಳದಾರಿ ತೆರೆದಂತೆ. ದಕ್ಷಿಣ ಕನ್ನಡದ ಮೂಲ್ಕಿಯ ಕಡೆಯಿಂದ ಮುಂಬಯಿಗೆ ಹೋಗಿ 1984ರಲ್ಲಿ ಜುಹೂವಿನಲ್ಲಿ ‘ನ್ಯಾಚುರಲ್ಸ್’ ಅಂಗಡಿಯನ್ನು ತೆರೆದ ರಘುನಂದನ ಕಾಮತರು ಹಣ್ಣಿನ ವ್ಯಾಪಾರಿಯ ಮಗ. ಸೀತಾಫಲ, ಹಲಸು, ಎಳನೀರಿನ ತಿರುಳು ಮುಂತಾದವನ್ನು ನೇರವಾಗಿ ಬಳಸಿ ಅವರು ಹೆಸರು ಗಳಿಸಿದ್ದು ಈ ತೊಡಕನ್ನು ಗೆದ್ದುದರಿಂದ. ಹಣ್ಣನ್ನು ಆರಿಸುವುದರಲ್ಲಿ ಅವರಿಗಿದ್ದ ಹುಟ್ಟುಪರಿಚಯ ಇಲ್ಲಿ ಯಂತ್ರದಷ್ಟೇ ಕೆಲಸ ಮಾಡಿರಬೇಕು. 2024ರಲ್ಲಿ ಅವರು ತೀರಿಕೊಂಡರು.

ಗಾಳಿಯ ವಿಚಾರಕ್ಕೆ ಬಂದರೆ ಗಿರಾಕಿಗಳು ತುಸು ಬೇಸರಪಡಬಹುದು. ಒಂದು ಲೀಟರು ಮಿಶ್ರಣವನ್ನು ಕಡೆದು ಎರಡು ಲೀಟರು ಐಸ್ ಕ್ರೀಮು ಮಾಡುವುದು ಈ ಉದ್ಯಮದಲ್ಲಿ ಸಾಮಾನ್ಯ. ಹಾಗಾದರೆ ಡಬ್ಬಿಯ ಅರ್ಧಭಾಗ ಗಾಳಿ. ಇದನ್ನು ಮೋಸವೆನ್ನುವುದು ಆತುರದ ಮಾತಾದೀತು. ಗಾಳಿಯಿಲ್ಲದ ಐಸ್ ಕ್ರೀಮು ಗಟ್ಟಿಯಾಗಿ, ಬಾಯಿಗೆ ತಾಳಲಾರದಷ್ಟು ಕೊರೆಯುತ್ತದೆ. ಗಾಳಿಯ ಗುಳ್ಳೆಗಳು ಶಾಖವನ್ನು ಸರಾಗವಾಗಿ ಸಾಗಿಸಲಾರವು. ಅವುಗಳ ದೆಸೆಯಿಂದ ನಾಲಗೆಯ ಬಿಸುಪನ್ನು ಐಸ್ ಕ್ರೀಮು ನಿಧಾನವಾಗಿ ಹೀರುತ್ತದೆ. ಸೊನ್ನೆಗಿಂತ 12 ಡಿಗ್ರಿ ಕೆಳಗಿರುವ ಮಂಜುಗಡ್ಡೆಯ ತುಂಡನ್ನು ನಾಲಗೆಗೆ ಒತ್ತಿದರೆ ಅಂಟಿಕೊಂಡು ನೋಯಿಸುತ್ತದೆ, ಅದೇ ಉಷ್ಣತೆಯ ಐಸ್ ಕ್ರೀಮು ಹಿತವಾಗಿರುತ್ತದೆ. ಆದರೂ ಗಾಳಿಯನ್ನು ಮಾರುವುದಕ್ಕೆ ಒಂದು ಮಿತಿಯಿರಬೇಕಷ್ಟೆ. ಭಾರತದ ಆಹಾರ ಸುರಕ್ಷತೆಯ ನಿಯಮಗಳು ಒಂದು ಲೀಟರು ಐಸ್ ಕ್ರೀಮು 525 ಗ್ರಾಮಿಗಿಂತ ಕಡಿಮೆ ತೂಗಕೂಡದೆಂದೂ, ಅದರಲ್ಲಿ ಹಾಲಿನ ಕೊಬ್ಬು ನೂರಕ್ಕೆ 10ಕ್ಕಿಂತ ಕಡಿಮೆಯಿರಕೂಡದೆಂದೂ ವಿಧಿಸಿವೆ. ಹಾಲಿನ ಕೊಬ್ಬಿಗೆ ಬದಲಾಗಿ ಸಸ್ಯದ ಎಣ್ಣೆಯಿಂದ ಮಾಡಿದ್ದನ್ನು ಐಸ್ ಕ್ರೀಮೆಂದು ಕರೆಯುವಂತಿಲ್ಲ; ಅದಕ್ಕೆ ‘ಫ್ರೋಜನ್ ಡೆಸರ್ಟ್’ ಎಂಬ ಬೇರೆ ಹೆಸರಿದೆ. ಡಬ್ಬಿಯ ಮೇಲೆ ಆ ಹೆಸರು ಸಣ್ಣ ಅಕ್ಷರದಲ್ಲಿರುವುದರಿಂದ ಅನೇಕರು ಓದದೆಯೇ ತಿನ್ನುತ್ತಾರೆ.

ಕೊಬ್ಬಿನ ಕೆಲಸ ಗುಳ್ಳೆಗಳನ್ನು ಹಿಡಿದಿಡುವುದು. ಹಾಲಿನ ಕೊಬ್ಬಿನ ಕಣಗಳನ್ನು ಪ್ರೋಟೀನಿನ ಹೊದಿಕೆ ಒಂದಕ್ಕೊಂದು ಅಂಟದಂತೆ ಕಾಯುತ್ತದೆ. ಐಸ್ ಕ್ರೀಮಿಗೆ ಬೇಕಾದದ್ದು ಅವು ತಕ್ಕಮಟ್ಟಿಗೆ ಅಂಟಿಕೊಳ್ಳುವುದು. ಮೊಟ್ಟೆಯ ಹಳದಿಯಲ್ಲಿರುವ ಲೆಸಿಥಿನ್ನಿನಂಥ ವಸ್ತುಗಳು ಪ್ರೋಟೀನನ್ನು ಕಣದ ಮೇಲಿನಿಂದ ಸ್ವಲ್ಪ ಸರಿಸುತ್ತವೆ. ಕಡೆತಕ್ಕೆ ಸಿಕ್ಕಿದ ಕಣಗಳು ಪೂರ್ತಿ ಒಂದಾಗದೆ, ಪೂರ್ತಿ ಬೇರೆಯೂ ಉಳಿಯದೆ, ಸರಪಣಿಯಂತೆ ಹೆಣೆದುಕೊಂಡು ಗಾಳಿಯ ಗುಳ್ಳೆಗಳನ್ನು ಸುತ್ತುವರಿಯುತ್ತವೆ. ಕಡೆತ ಅತಿಯಾದರೆ ಬೆಣ್ಣೆಯೇ ಬರುತ್ತದೆ. ಮಜ್ಜಿಗೆ ಕಡೆಯುವ ನಮ್ಮ ತಾಯಂದಿರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕುಲ್ಫಿಯನ್ನಾದರೋ ಕಡೆಯುವುದಿಲ್ಲ, ಹಾಲನ್ನು ಬತ್ತಿಸಿ ಮಂದಮಾಡಿ ಅಚ್ಚಿನಲ್ಲಿ ಗಟ್ಟಿಮಾಡುತ್ತಾರೆ. ಅದರಲ್ಲಿ ಗಾಳಿ ಇಲ್ಲವೆನ್ನುವಷ್ಟು ಕಡಿಮೆ, ಹರಳು ತುಸು ದೊಡ್ಡದು. ಅದು ಐಸ್ ಕ್ರೀಮಿಗಿಂತ ಗಟ್ಟಿಯಾಗಿರುವುದೂ ಬಾಯಲ್ಲಿ ತಡವಾಗಿ ಕರಗುವುದೂ ಇದರಿಂದಲೇ.

ಇಷ್ಟೆಲ್ಲ ರಚನೆಗೆ ಮೊದಲು ಬೇಕಾದದ್ದು ಸೊನ್ನೆಗಿಂತ ಕೆಳಗಿನ ಚಳಿ. ಯಂತ್ರಗಳಿಲ್ಲದ ಕಾಲದಲ್ಲಿ ಅದು ಎಲ್ಲಿಂದ ಬಂತು? ಮಂಜುಗಡ್ಡೆಯೊಂದರಿಂದಲೇ ಕೆಲಸ ಸಾಗದು. ಮಿಶ್ರಣ ಹರಳುಗಟ್ಟುವುದು ಸೊನ್ನೆಗಿಂತ ಕೆಳಗೆ, ಕರಗುವ ಮಂಜು ಇರುವುದು ಸೊನ್ನೆಯಲ್ಲಿ. ಈ ಕೆಲವೇ ಡಿಗ್ರಿಗಳ ಅಂತರವನ್ನು ದಾಟಿಸಿದ್ದು ಅಡಿಗೆಯ ಉಪ್ಪು. ಮಂಜಿಗೆ ಉಪ್ಪು ಬೆರೆತಾಗ ಏಕೆ ಇನ್ನೂ ತಣ್ಣಗಾಗುತ್ತದೆಂದು ಪರೀಕ್ಷೆಯಲ್ಲಿ ಕೇಳಿದರೆ, ಉಪ್ಪಿನಲ್ಲಿ ಶೈತ್ಯಗುಣವಿದೆಯೆಂದು ಬರೆಯುವ ವಿದ್ಯಾರ್ಥಿಗಳನ್ನು ನಾವು ಕಂಡಿದ್ದೇವೆ. ವಾಸ್ತವ ಹೀಗಿದೆ: ಮಂಜಿನ ಮೇಲಿನ ತೆಳುವಾದ ನೀರಿನ ಪೊರೆಯಲ್ಲಿ ಉಪ್ಪು ಕರಗುತ್ತದೆ. ಉಪ್ಪುನೀರು ಸೊನ್ನೆಯಲ್ಲಿ ಮರಳಿ ಮಂಜಾಗಲಾರದು, ಆದರೆ ಮಂಜು ಕರಗುವುದು ನಡೆದೇ ಇರುತ್ತದೆ. ಒಂದು ಗ್ರಾಂ ಮಂಜು ಕರಗಲು ಸುಮಾರು 80 ಕೆಲೊರಿ ಶಾಖ ಬೇಕು. ಹೊರಗಿನಿಂದ ಅಷ್ಟು ಶಾಖ ಒದಗದಿದ್ದಾಗ ಮಿಶ್ರಣ ತನ್ನಲ್ಲಿರುವುದನ್ನೇ ವ್ಯಯಮಾಡಿ ತಣಿಯುತ್ತದೆ. ನೂರು ತೂಕದ ದ್ರಾವಣದಲ್ಲಿ ಉಪ್ಪು 23 ತೂಕದಷ್ಟಾಗುವಂತೆ ಬೆರೆಸಿದರೆ ಉಷ್ಣತೆ ಸೊನ್ನೆಗಿಂತ 21 ಡಿಗ್ರಿ ಕೆಳಗಿನವರೆಗೆ ಇಳಿಯಬಲ್ಲದು. ಕುಟ್ಟಿದ ಮಂಜು, ಕಲ್ಲುಪ್ಪು, ಒಂದು ಡಬ್ಬಿ, ಒಂದು ಉಷ್ಣತಾಮಾಪಕ ಇದ್ದರೆ ಯಾವ ಕಾಲೇಜಿನಲ್ಲಿಯೂ ಇದನ್ನು ತೋರಿಸಬಹುದು. ಪಾಠದ ಕೊನೆಗೆ ತಿನ್ನಲು ಏನಾದರೂ ದೊರೆಯುವ ಪ್ರಯೋಗಗಳು ನಮ್ಮ ಪಠ್ಯಕ್ರಮದಲ್ಲಿ ಬೇರೆ ಇಲ್ಲ.

ಪೆಟ್ಲುಪ್ಪಿನಿಂದ ನೀರನ್ನು ತಣಿಸುವುದು ನಮ್ಮ ದೇಶದಲ್ಲಿ ಬಳಕೆಯಲ್ಲಿತ್ತು. ಅಬುಲ್ ಫಜಲನ ‘ಐನ್-ಇ-ಅಕ್ಬರಿ’ಯಲ್ಲಿ ಒಂದು ಸೇರು ಕುಡಿಯುವ ನೀರನ್ನು ಲೋಹದ ಹೂಜಿಯಲ್ಲಿ ಮುಚ್ಚಿ, ಎರಡೂವರೆ ಸೇರು ಪೆಟ್ಲುಪ್ಪನ್ನು ಐದು ಸೇರು ನೀರಿನಲ್ಲಿ ಹಾಕಿದ ಪಾತ್ರೆಯೊಳಗೆ ಕಾಲು ಗಂಟೆ ಆಡಿಸಬೇಕೆಂಬ ವಿಧಾನವಿದೆ. ಇಲ್ಲಿ ತಣಿವು ಬರುವುದು ಪೆಟ್ಲುಪ್ಪು ನೀರಿನಲ್ಲಿ ಕರಗುವಾಗ ಶಾಖವನ್ನು ಹೀರುವುದರಿಂದ. ಮಂಜಿಗೆ ಬೆರೆಸಿದರೆ ಪೆಟ್ಲುಪ್ಪು ಸೊನ್ನೆಗಿಂತ ಮೂರು ಡಿಗ್ರಿಯಷ್ಟು ಮಾತ್ರ ಇಳಿಸಬಲ್ಲದು. ಐಸ್ ಕ್ರೀಮಿಗೆ ಅದು ಸಾಲದು, ಅಗ್ಗದ ಅಡಿಗೆಯುಪ್ಪೇ ಮೇಲು. ಯೂರೋಪಿನಲ್ಲಿ ಈ ಉಪ್ಪುಮಂಜಿನ ಉಪಾಯ ಹದಿನೇಳನೆಯ ಶತಮಾನದಲ್ಲಿ ಅಡಿಗೆಮನೆಗೆ ಇಳಿದುಬಂತು. ನೇಪಲ್ಸಿನಲ್ಲಿ ಆಂಟೋನಿಯೊ ಲಾತೀನಿ 1690ರ ದಶಕದಲ್ಲಿ ಅಚ್ಚುಹಾಕಿಸಿದ ಗ್ರಂಥದಲ್ಲಿ ಹೆಪ್ಪುಗಟ್ಟಿಸಿದ ಪಾನಕಗಳ ಪಾಕವಿಧಾನಗಳಿವೆ. ಇಂಗ್ಲೆಂಡಿನಲ್ಲಿ ಮೇರಿ ಈಲ್ಸ್ 1718ರಲ್ಲಿ ಐಸ್ ಕ್ರೀಮಿನ ವಿಧಾನವನ್ನು ಪ್ರಕಟಿಸಿದಳು. ಬಹುಕಾಲ ಇದು ಮಂಜುಮನೆಯುಳ್ಳ ಧನಿಕರ ಸೊತ್ತಾಗಿಯೇ ಇತ್ತು. ಅಮೆರಿಕದ ನ್ಯಾನ್ಸಿ ಜಾನ್ಸನ್ ಎಂಬಾಕೆ 1843ರಲ್ಲಿ ಹಿಡಿಕೆ ತಿರುಗಿಸಿ ಕಡೆಯುವ ಪಾತ್ರೆಗೆ ಸನ್ನದು ಪಡೆದ ಮೇಲೆ ಅದು ಸಾಮಾನ್ಯರ ಮನೆಗೆ ಬಂತು. 1851ರಲ್ಲಿ ಬಾಲ್ಟಿಮೋರಿನ ಹಾಲಿನ ವ್ಯಾಪಾರಿ ಜೇಕಬ್ ಫಸೆಲ್ ಮಿಕ್ಕ ಕೆನೆಯನ್ನು ವ್ಯರ್ಥಮಾಡಲಾರದೆ ಕಾರ್ಖಾನೆಯ ಗಾತ್ರದಲ್ಲಿ ತಯಾರಿಸತೊಡಗಿದ.

ಭಾರತಕ್ಕೆ ಮಂಜುಗಡ್ಡೆ ಬಂದ ಕಥೆ ಕುತೂಹಲಕರವಾದದ್ದು. 1833ರ ಮೇ ತಿಂಗಳಿನಲ್ಲಿ ಫ್ರೆಡರಿಕ್ ಟ್ಯೂಡರ್ ಎಂಬ ವರ್ತಕ ಬಾಸ್ಟನ್ನಿನ ಸುತ್ತಣ ಕೊಳಗಳಲ್ಲಿ ಕೊಯ್ದ 180 ಟನ್ನು ಮಂಜನ್ನು ‘ಟಸ್ಕನಿ’ ಎಂಬ ಹಡಗಿನಲ್ಲಿ ಕಲ್ಕತ್ತೆಗೆ ಕಳುಹಿಸಿದ. ಉಷ್ಣವಲಯವನ್ನು ಎರಡು ಸಲ ಹಾದು, ನಾಲ್ಕು ತಿಂಗಳ ಪಯಣ ಮುಗಿಸಿ ಹಡಗು ಸೆಪ್ಟೆಂಬರಿನಲ್ಲಿ ತಲುಪಿದಾಗ ಸುಮಾರು 100 ಟನ್ನು ಕರಗದೆ ಉಳಿದಿತ್ತು. ದೊಡ್ಡ ರಾಶಿಗೆ ಗಾತ್ರದ ಮಾನದಿಂದ ಮೇಲ್ಮೈ ಕಡಿಮೆ. ಕರಗುವುದಕ್ಕೆ ಬೇಕಾದ ಗುಪ್ತೋಷ್ಣವೋ ಬಹಳ ಹೆಚ್ಚು. ಟ್ಯೂಡರನ ಲಾಭವೆಲ್ಲ ಈ ಎರಡು ಸಂಗತಿಗಳ ಮೇಲೆ ನಿಂತಿತ್ತು. ಮದರಾಸಿನ ಕಡಲತೀರದಲ್ಲಿ ಅವನ ಮಂಜನ್ನು ದಾಸ್ತಾನಿಟ್ಟಿದ್ದ ಕಟ್ಟಡದಲ್ಲಿಯೇ 1897ರಲ್ಲಿ ಸ್ವಾಮಿ ವಿವೇಕಾನಂದರು ಕೆಲವು ದಿನ ತಂಗಿದ್ದರು. ಇಂದಿಗೂ ಅದು ಅವರ ಹೆಸರಿನಲ್ಲಿದೆ. ಮುಂಬಯಿಗೆ ಮಂಜು ಬಂದ ಹೊಸದರಲ್ಲಿ ಜಮ್‌ಶೇಟ್‌ಜಿ ಜೀಜೀಭಾಯಿಯವರು ಔತಣದಲ್ಲಿ ಐಸ್ ಕ್ರೀಮು ಬಡಿಸಿ, ಆತಿಥೇಯರಿಗೂ ಅತಿಥಿಗಳಿಗೂ ನೆಗಡಿಯಾಯಿತೆಂದು ಪತ್ರಿಕೆಯೊಂದು ಚುಚ್ಚಿ ಬರೆಯಿತಂತೆ. ಐಸ್ ಕ್ರೀಮು ತಿಂದರೆ ನೆಗಡಿಯೆಂಬ ನಮ್ಮ ಮನೆಗಳ ಆಕ್ಷೇಪಣೆಗೆ ಇಷ್ಟು ಹಳೆಯ ವಂಶಾವಳಿಯುಂಟು. ನೆಗಡಿ ಬರುವುದು ವೈರಸ್ಸಿನಿಂದ; ಐಸ್ ಕ್ರೀಮು ಅದರಲ್ಲಿ ನಿರಪರಾಧಿ.

ತಲೆನೋವಿನ ವಿಷಯದಲ್ಲಿ ಮಾತ್ರ ಅದು ನಿರಪರಾಧಿಯಲ್ಲ. ಬೇಗ ಬೇಗ ತಿಂದಾಗ ಅಂಗುಳು ಒಮ್ಮೆಲೇ ತಣಿದು ಹಣೆಯಲ್ಲಿ ಚಳುಕು ಹೊಡೆದಂತಾಗುವುದು ಎಲ್ಲರ ಅನುಭವ. ಕೆನಡದ ಶಾಲಾಬಾಲಿಕೆಯೊಬ್ಬಳು ತನ್ನ ತಂದೆಯೊಡನೆ ಸೇರಿ 145 ಮಂದಿ ವಿದ್ಯಾರ್ಥಿಗಳನ್ನು ಚೀಟಿಯೆತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಗಬಗಬನೆಯೂ ಇನ್ನೊಂದಕ್ಕೆ ನಿಧಾನವಾಗಿಯೂ ತಿನ್ನಲು ಹೇಳಿದಳು. ಮೊದಲ ಗುಂಪಿನಲ್ಲಿ ನೂರಕ್ಕೆ 27, ಎರಡನೆಯದರಲ್ಲಿ 13 ಮಂದಿಗೆ ತಲೆನೋವು ಬಂತು. ಈ ಫಲಿತಾಂಶ 2002ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು. ಚಳಿಗೆ ನಾಲಗೆಯ ರುಚಿಯೂ ಮಂಕಾಗುತ್ತದೆ. ಸಿಹಿಯನ್ನು ಗ್ರಹಿಸುವ ಜೀವಕೋಶಗಳಲ್ಲಿ ಸಂಕೇತವನ್ನು ಮುಂದೊಯ್ಯುವ ಪ್ರೋಟೀನೊಂದು 15 ಡಿಗ್ರಿಯಿಂದ 35 ಡಿಗ್ರಿಯ ನಡುವೆ ಉಷ್ಣತೆ ಏರಿದಂತೆ ಹೆಚ್ಚು ಚುರುಕಾಗುತ್ತದೆಂದು 2005ರಲ್ಲಿ ಗೊತ್ತಾಯಿತು. ಕರಗಿ ನೀರಾದ ಐಸ್ ಕ್ರೀಮು ಸಹಿಸಲಾರದಷ್ಟು ಸಿಹಿಯೆನಿಸುವುದನ್ನು ಇದರಿಂದ ವಿವರಿಸಬಹುದು. ತಿನ್ನುವಾಗ ಮೊದಲು ತಂಪು, ಆಮೇಲೆ ಕರಗಿದಷ್ಟೂ ಸಿಹಿ, ಕೊಬ್ಬು ಬೆಚ್ಚಗಾದಂತೆ ಪರಿಮಳ: ಒಂದೇ ತುತ್ತು ಬಾಯಲ್ಲಿ ಗಳಿಗೆಗಳಿಗೆಗೂ ಬೇರೆಯಾಗುತ್ತ ಹೋಗುತ್ತದೆ. ಇದರ ಬಗ್ಗೆ ಜನರಿಗೆ ಬೇಸರ ಹುಟ್ಟದಿರುವುದಕ್ಕೆ ಇದಕ್ಕಿಂತ ಬಲವಾದ ಕಾರಣ ನಮಗೆ ತೋರಿಲ್ಲ. ಉಡುಪಿ ಮಂಗಳೂರಿನ ಕಡೆಯವರು ಉದ್ದನೆಯ ಗಾಜಿನ ಲೋಟದಲ್ಲಿ ಬಗೆಬಗೆಯ ಐಸ್ ಕ್ರೀಮು, ಹಣ್ಣಿನ ಹೋಳು, ಜೆಲ್ಲಿ, ಗೋಡಂಬಿಗಳನ್ನು ಪದರ ಪದರವಾಗಿ ತುಂಬಿ ಮಾಡುವ ‘ಗಡ್‌ಬಡ್’ ಈ ಬದಲಾವಣೆಯ ಸುಖವನ್ನು ಇಮ್ಮಡಿಗೊಳಿಸಿದ ಉಪಾಯ.

ಇನ್ನು ನಾವು ಆರಂಭದಲ್ಲಿ ಹೇಳಿದ ಪ್ರಸಂಗ. 1963ರಲ್ಲಿ ಆಫ್ರಿಕದ ಇಂದಿನ ಟಾಂಜಾನಿಯದ ಮಗಾಂಬಾ ಶಾಲೆಯಲ್ಲಿ ಎರಾಸ್ಟೊ ಎಂಪೆಂಬಾ ಎಂಬ ವಿದ್ಯಾರ್ಥಿಯಿದ್ದ. ಅಲ್ಲಿಯ ಹುಡುಗರು ಹಾಲು ಕಾಯಿಸಿ, ಸಕ್ಕರೆ ಬೆರೆಸಿ, ಆರಿದ ಮೇಲೆ ಶೈತ್ಯಪೆಟ್ಟಿಗೆಯಲ್ಲಿಟ್ಟು ಐಸ್ ಕ್ರೀಮು ಮಾಡಿಕೊಳ್ಳುತ್ತಿದ್ದರು. ಪೆಟ್ಟಿಗೆಯಲ್ಲಿ ಸ್ಥಳ ಕಡಿಮೆ, ಹುಡುಗರು ಹೆಚ್ಚು. ಒಂದು ದಿನ ಗೆಳೆಯನೊಬ್ಬ ಹಾಲನ್ನು ಕಾಯಿಸದೆಯೇ ತಂದಿಟ್ಟುದನ್ನು ಕಂಡ ಎಂಪೆಂಬಾ, ಕಾಯ್ದುಕೊಂಡಿದ್ದರೆ ಸ್ಥಳ ಹೋದೀತೆಂದು ಬಿಸಿ ಹಾಲನ್ನೇ ಒಳಗಿಟ್ಟ. ಒಂದೂವರೆ ಗಂಟೆಯ ಮೇಲೆ ನೋಡಿದರೆ ಅವನದು ಹೆಪ್ಪುಗಟ್ಟಿತ್ತು, ಗೆಳೆಯನದು ಇನ್ನೂ ಮಂದವಾದ ದ್ರವವಾಗಿತ್ತು. ಕಾರಣ ಕೇಳಿದಾಗ ಭೌತಶಾಸ್ತ್ರದ ಉಪಾಧ್ಯಾಯರು, ನೀನು ಗಲಿಬಿಲಿಗೊಂಡಿದ್ದೀಯೆ, ಹಾಗಾಗುವುದು ಸಾಧ್ಯವಿಲ್ಲ ಎಂದರು. ಆದರೆ ಟಾಂಗಾ ಪಟ್ಟಣದಲ್ಲಿ ಐಸ್ ಕ್ರೀಮು ಮಾಡಿ ಮಾರುತ್ತಿದ್ದ ಅವನ ಸ್ನೇಹಿತನೊಬ್ಬ ಬಿಸಿಯಾಗಿಟ್ಟರೆ ಬೇಗ ಆಗುತ್ತದೆಂದು ಸಹಜವಾಗಿಯೇ ಹೇಳಿದ. ಮುಂದೆ ಹಿರಿಯ ಶಾಲೆಗೆ ಸೇರಿದ ಎಂಪೆಂಬಾ ನ್ಯೂಟನ್ನನ ತಣಿಯುವ ನಿಯಮದ ಪಾಠ ನಡೆದಾಗ ಮತ್ತೆ ಅದನ್ನೇ ಕೇಳಿದ. ಅದು ಎಂಪೆಂಬಾನ ಭೌತಶಾಸ್ತ್ರವೇ ಹೊರತು ಲೋಕದ ಭೌತಶಾಸ್ತ್ರವಲ್ಲವೆಂದು ಆ ಉಪಾಧ್ಯಾಯರು ಅಂದರು. ಅಲ್ಲಿಂದಾಚೆಗೆ ಅವನು ಯಾವ ತಪ್ಪು ಮಾಡಿದರೂ ತರಗತಿಯಲ್ಲಿ ಅದೇ ಹೆಸರಿನ ಹಾಸ್ಯ.

ದಾರ್ ಎಸ್ ಸಲಾಮಿನ ವಿಶ್ವವಿದ್ಯಾನಿಲಯ ಕಾಲೇಜಿನ ಡೆನಿಸ್ ಆಸ್ಬರ್ನ್ ಉಪನ್ಯಾಸಕ್ಕೆಂದು ಆ ಶಾಲೆಗೆ ಬಂದಾಗ ಹುಡುಗ ಮೂರನೆಯ ಸಲ ಕೇಳಿದ; ಸಹಪಾಠಿಗಳು ನಕ್ಕರು. ಆಸ್ಬರ್ನ್ ನಗಲಿಲ್ಲ. ತಾವು ನಂಬದಿದ್ದರೂ ಪ್ರಯೋಗ ಮಾಡಿಸಿ ನೋಡುವುದಾಗಿ ಮಾತು ಕೊಟ್ಟರು. ಅವರ ಪ್ರಯೋಗಶಾಲೆಯ ಸಹಾಯಕ, ಬಿಸಿನೀರೇ ಮೊದಲು ಹೆಪ್ಪುಗಟ್ಟಿತೆಂದೂ, ಸರಿಯಾದ ಫಲ ಬರುವವರೆಗೆ ಪ್ರಯೋಗವನ್ನು ಮತ್ತೆ ಮತ್ತೆ ಮಾಡುತ್ತಿರುವುದಾಗಿಯೂ ವರದಿ ಮಾಡಿದನಂತೆ! 1969ರಲ್ಲಿ ಎಂಪೆಂಬಾ ಮತ್ತು ಆಸ್ಬರ್ನ್ ಇಬ್ಬರ ಹೆಸರಿನಲ್ಲಿಯೂ ಲೇಖನ ಪ್ರಕಟವಾಯಿತು. ಇಂದು ಈ ವಿದ್ಯಮಾನಕ್ಕೆ ಆ ಹುಡುಗನ ಹೆಸರೇ ನಿಂತಿದೆ.

ಈ ಸಂದರ್ಭದಲ್ಲಿ ನಮ್ಮ ನೆನಪಿಗೆ ಬರುವುದು ಅಲಹಾಬಾದಿನ ಮಂಜು ತಯಾರಕರು. 1775ರಲ್ಲಿ ರಾಬರ್ಟ್ ಬಾರ್ಕರ್ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ ವರದಿಯಂತೆ, ಅವರು ಚಳಿಗಾಲದಲ್ಲಿ ಆಳವಿಲ್ಲದ ಗುಂಡಿಗಳಲ್ಲಿ ಒಣಗಿದ ಕಬ್ಬಿನ ದಂಟು ಹಾಸಿ, ಅದರ ಮೇಲೆ ಮೆರುಗಿಲ್ಲದ ಸಣ್ಣ ಮಣ್ಣಿನ ತಟ್ಟೆಗಳನ್ನು ಸಾಲಾಗಿಟ್ಟು, ಸಂಜೆ ನೀರು ತುಂಬಿ, ಬೆಳಗಾಗುವ ಮುಂಚೆ ಮಂಜನ್ನು ಆಯ್ದುಕೊಳ್ಳುತ್ತಿದ್ದರು. ಗಾಳಿ ಸೊನ್ನೆಗೆ ಇಳಿಯದ ರಾತ್ರಿಗಳಲ್ಲಿಯೂ ನಿರ್ಮಲವಾದ ಆಕಾಶದತ್ತ ಶಾಖವನ್ನು ಸೂಸಿ ನೀರು ಹೆಪ್ಪುಗಟ್ಟುತ್ತಿತ್ತು. ಅವರು ತಟ್ಟೆಗಳಿಗೆ ತುಂಬುತ್ತಿದ್ದುದು ಕುದಿಸಿದ ನೀರು. ಗುಪ್ತೋಷ್ಣವನ್ನು ಕಂಡುಹಿಡಿದ ಜೋಸೆಫ್ ಬ್ಲಾಕ್ ಅದೇ ವರ್ಷ ಕುದಿಸಿದ ನೀರನ್ನೂ ಕುದಿಸದ ನೀರನ್ನೂ ಚಳಿಯಲ್ಲಿಟ್ಟು ಹೋಲಿಸಿದ. ಕುದಿಸಿದ್ದು ಬೇಗ ಹೆಪ್ಪುಗಟ್ಟಿತು. ಕುದಿಸದೆ ಇದ್ದುದು ಸೊನ್ನೆಗಿಂತ ಕೆಳಗಿಳಿದರೂ ದ್ರವವಾಗಿಯೇ ನಿಂತಿತ್ತು, ಕದಡಿದೊಡನೆ ಹರಳುಗಟ್ಟಿತು. ಟಾಂಗಾದ ಐಸ್ ಕ್ರೀಮಿನವನಿಗೂ ಅಲಹಾಬಾದಿನ ಮಂಜಿನವನಿಗೂ ಕೈಬಳಕೆಯಿಂದ ತಿಳಿದಿದ್ದ ಒಂದು ಸಂಗತಿಯನ್ನು ತರಗತಿಯಲ್ಲಿ ಅಸಂಭವವೆಂದು ಹೇಳಲಾಯಿತೆಂಬುದನ್ನು ಗಮನಿಸಬೇಕು.

ಹಾಗೆಂದು ಎಂಪೆಂಬಾನ ಫಲ ಪ್ರಶ್ನಾತೀತವಾಗಿ ಸಿದ್ಧವಾಗಿದೆಯೆಂದು ವಿದ್ಯಾರ್ಥಿಗಳು ಬರೆದುಕೊಳ್ಳಬಾರದು. ಬಿಸಿನೀರು ಆವಿಯಾಗಿ ಕಡಿಮೆಯಾಗುವುದು, ಒಳಗಿನ ಸುಳಿಹರಿವು, ಕರಗಿದ ಗಾಳಿ ಹೊರಬೀಳುವುದು, ಬ್ಲಾಕ್ ಕಂಡಂತೆ ಸೊನ್ನೆಯ ಕೆಳಗೂ ದ್ರವವಾಗಿ ನಿಲ್ಲುವುದು, ಬಿಸಿ ಪಾತ್ರೆ ತನ್ನಡಿಯ ಮಂಜಿನ ಪೊರೆಯನ್ನು ಕರಗಿಸಿ ತಣ್ಣನೆಯ ಲೋಹಕ್ಕೆ ಒತ್ತಿ ಕೂಡುವುದು, ಹೀಗೆ ಕಾರಣಗಳನ್ನು ಹಲವರು ಹಲವು ಬಗೆಯಾಗಿ ಊಹಿಸಿದ್ದಾರೆ. 2016ರಲ್ಲಿ ಬರಿಜ್ ಮತ್ತು ಲಿಂಡನ್ ಎಂಬ ಇಬ್ಬರು ಎಚ್ಚರಿಕೆಯಿಂದ ಪ್ರಯೋಗ ನಡೆಸಿ, ನೀರು ಸೊನ್ನೆಗಿಳಿಯುವ ಕಾಲವನ್ನು ಅಳೆದಾಗ ಅಂಥ ಫಲವೇ ಕಾಣಲಿಲ್ಲವೆಂದರು. ಉಷ್ಣತಾಮಾಪಕವನ್ನು ಒಂದು ಸೆಂಟಿಮೀಟರು ಮೇಲಕ್ಕೋ ಕೆಳಕ್ಕೋ ಇಟ್ಟರೂ ಇಲ್ಲದ ಫಲ ಇದ್ದಂತೆ ತೋರಬಹುದೆಂದು ಎಚ್ಚರಿಸಿದರು. ಆದರೆ ಅವರು ಅಳೆದದ್ದು ನೀರು ಸೊನ್ನೆಗಿಳಿಯುವ ಹೊತ್ತನ್ನು. ಮಗಾಂಬಾದ ಹುಡುಗ ನೋಡಿದ್ದು ಹಾಲು ಸಕ್ಕರೆಗಳ ಮಿಶ್ರಣ ಗಟ್ಟಿಯಾದುದನ್ನು. ಆ ಮಿಶ್ರಣ ಒಂದು ನಿರ್ದಿಷ್ಟ ಗಳಿಗೆಯಲ್ಲಿ ಪೂರ್ತಿ ಹೆಪ್ಪುಗಟ್ಟುವ ವಸ್ತುವಲ್ಲವೆಂದು ಈಗಾಗಲೇ ಹೇಳಿದ್ದೇವೆ. ಆದ್ದರಿಂದ ಇದನ್ನು ಮಾಡಿನೋಡಲು ಬಯಸುವ ವಿದ್ಯಾರ್ಥಿಗಳು ‘ಹೆಪ್ಪುಗಟ್ಟಿತು’ ಎಂದರೆ ಮೊದಲ ಹರಳು ಕಂಡದ್ದೋ, ಲೋಟವನ್ನು ಓರೆಮಾಡಿದರೆ ಹರಿಯದಂತಾದದ್ದೋ ಎಂಬುದನ್ನು ಆರಂಭಿಸುವ ಮೊದಲೇ ನಿರ್ಧರಿಸಿಕೊಳ್ಳಬೇಕು. ಎರಡು ಲೋಟಗಳೂ ಒಂದೇ ಅಳತೆಯವಾಗಿ, ಇಟ್ಟಾಗಲೂ ತೆಗೆದಾಗಲೂ ತೂಕ ನೋಡಿ, ಪೆಟ್ಟಿಗೆಯ ತಳದ ಮಂಜನ್ನು ಒಂದು ಸರದಿಯಲ್ಲಿ ಒರೆಸಿ ಮತ್ತೊಂದು ಸರದಿಯಲ್ಲಿ ಒರೆಸದೆ ಬಿಟ್ಟು ಫಲವನ್ನು ಬರೆದಿಡಬೇಕು. ಲೋಟಗಳ ಸ್ಥಾನವನ್ನೂ ಸರದಿಗೊಮ್ಮೆ ಅದಲುಬದಲು ಮಾಡುವುದು ಒಳ್ಳೆಯದು. ಪೆಟ್ಟಿಗೆಯ ಎರಡು ಮೂಲೆಗಳು ಸಮನಾಗಿ ತಣ್ಣಗಿರುವುದಿಲ್ಲ.